‘ಡೆತ್’ ಮೇಳವೂ ಅದರ ಪುನರುಜ್ಜೀವನವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಿಷಿಗನ್ ಪ್ರಾಂತದ ಡೆಟ್ರಾಯಿಟ್ ನಗರದಲ್ಲಿ ಮೂವರು ಸೋದರರು 1975ರಲ್ಲಿ ಏಳು ಹಾಡುಗಳನ್ನು ಧ್ವನಿಮುದ್ರಿಸಿದರು. ಅವುಗಳಲ್ಲಿ ಎರಡು ಮಾತ್ರ ಮರುವರ್ಷ 500 ತಟ್ಟೆಗಳಾಗಿ ಹೊರಬಂದು, ಹೆಚ್ಚು ಜನರ ಗಮನಕ್ಕೆ ಬಾರದೆ ಹೋದುವು. ಏಳು ಹಾಡುಗಳೂ ಒಟ್ಟಾಗಿ ಲೋಕದ ಕಿವಿಗೆ ಬಿದ್ದುದು 34 ವರ್ಷಗಳ ತರುವಾಯ, 2009ರಲ್ಲಿ. ಅಷ್ಟರೊಳಗೆ ಅವುಗಳನ್ನು ಕಲ್ಪಿಸಿದ ಅಣ್ಣನು ಗತಿಸಿ ಒಂಬತ್ತು ವರ್ಷಗಳಾಗಿದ್ದುವು. ಆ ಮೇಳದ ಹೆಸರು ‘ಡೆತ್’, ಎಂದರೆ ಮೃತ್ಯು.

ಈ ಮೇಳದ ವಿಷಯವಾಗಿ ಇಂಗ್ಲಿಷ್ ಪತ್ರಿಕೆಗಳಲ್ಲಿ 2009ರಿಂದೀಚೆಗೆ ಬಂದಿರುವ ಬರೆವಣಿಗೆ ಅಲ್ಪವಲ್ಲ. ಅದರ ಬಹುಭಾಗವು ಎರಡು ಬಗೆಯ ಪ್ರಶಂಸೆಗೆ ಸೇರಿದುದು. ಇತರರಿಗಿಂತ ಮೊದಲು ಇವರು ಮಾಡಿದರೆಂಬುದು ಒಂದು. ಇವರು ಬಹಳ ಕಷ್ಟಪಟ್ಟರೆಂಬುದು ಇನ್ನೊಂದು. ಮೊದಲನೆಯದು ಪಂಚಾಂಗವನ್ನು ನೋಡಿ ಸಲ್ಲಿಸಿದ ಮರ್ಯಾದೆ. ಎರಡನೆಯದು ಮರುಕದಿಂದ ಸಲ್ಲಿಸಿದ ಮರ್ಯಾದೆ. ಎರಡರಲ್ಲಿಯೂ ಹಾಡುಗಳು ಹಿಂದೆ ಸರಿದು ಹಾಡಿದವರ ಕಥೆಯು ಮುಂದೆ ಬಂದಿದೆ. ಕಥೆಯು ಮನಮುಟ್ಟುವಂಥದೇ ಸರಿ. ಆದರೆ ಕೃತಿಯು ಕಥೆಯ ಕೈಹಿಡಿದುಕೊಂಡಲ್ಲದೆ ನಡೆಯಲಾರದಾದರೆ ಅದನ್ನು ಮತ್ತೆ ಬೆಳಕಿಗೆ ತಂದುದರಿಂದ ಪ್ರಯೋಜನವೇನು? ಈ ಏಳು ಹಾಡುಗಳಿಗೆ ಸ್ವತಂತ್ರವಾದ ಬೆಲೆಯುಂಟೆ? ಉಂಟಾದರೆ ಅದು ಎಲ್ಲಿಂದ ಬಂದಿತು? ಪುನರುಜ್ಜೀವನವು ಆ ಬೆಲೆಯನ್ನು ಕಾಪಾಡಿತೆ? ವಿಚಾರಮಾಡತಕ್ಕ ಅಂಶಗಳು ಇವು.

ರಾಕ್ ಸಂಗೀತವೆಂದೊಡನೆ ಸಂಭಾವಿತರ ಮನೆಗಳಲ್ಲಿ ಕಿವಿ ಮುಚ್ಚಿಕೊಳ್ಳುವ ರೂಢಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಆದಕಾರಣ ಅದರ ಸ್ವರೂಪವನ್ನು ಎರಡು ಮಾತುಗಳಲ್ಲಿ ಹೇಳುವುದು ಅವಶ್ಯಕ. ಅಮೆರಿಕದ ಕಪ್ಪು ಜನರ ಬ್ಲೂಸ್ ಮೊದಲಾದ ಹಾಡಿಕೆಗಳಿಂದ 1950ರ ದಶಕದಲ್ಲಿ ಹುಟ್ಟಿದ ಸಂಗೀತವಿದು. ವಿದ್ಯುಚ್ಛಕ್ತಿಯಿಂದ ನುಡಿಯುವ ಗಿಟಾರು, ಮಂದ್ರವನ್ನು ಹಿಡಿದು ನಡೆಸುವ ಬಾಸ್ ಗಿಟಾರು, ಕಾಲವನ್ನು ಕಟ್ಟಿಕೊಡುವ ಡ್ರಮ್ಮು, ಇವುಗಳ ಮೇಲೆ ಏರಿ ಬರುವ ಕಂಠ: ಇಷ್ಟೇ ಅದರ ಸಾಮಗ್ರಿ. ರಾಗವಿಸ್ತಾರವು ಇದರ ಗುರಿಯಲ್ಲ. ಒಂದು ಭಾವವನ್ನು ಅಲ್ಪಕಾಲದಲ್ಲಿ ತೀಕ್ಷ್ಣವಾಗಿ ಮುಟ್ಟಿಸುವುದು ಇದರ ಗುರಿ. ಮಹಾಕಾವ್ಯದ ಅಳತೆಗೋಲಿನಿಂದ ಮುಕ್ತಕವನ್ನು ಅಳೆದು ಅದು ಗಿಡ್ಡವೆಂದು ದೂರುವುದು ಹೇಗೆ ಸಲ್ಲದೋ, ಹಾಗೆಯೇ ಇದನ್ನು ಕಛೇರಿಯ ಸಂಗೀತದ ಪಕ್ಕದಲ್ಲಿ ನಿಲ್ಲಿಸಿ ದೂರುವುದೂ ಸಲ್ಲದು.

ವಿಚಿತ್ರವೇನೆಂದರೆ, ಕಪ್ಪು ಜನರ ಹಾಡಿಕೆಯಿಂದ ಹುಟ್ಟಿದ ಈ ಸಂಗೀತವನ್ನು 1970ರ ಹೊತ್ತಿಗೆ ಬಿಳಿಯರ ಸೊತ್ತೆಂದೇ ಆ ದೇಶದವರು ಬಗೆಯತೊಡಗಿದ್ದರು. ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳ ಪಟ್ಟಣ. 1959ರಲ್ಲಿ ಅಲ್ಲಿ ಸ್ಥಾಪಿತವಾದ ಮೋಟೌನ್ ಎಂಬ ಧ್ವನಿಮುದ್ರಣ ಕಂಪೆನಿಯು ಕಪ್ಪು ಗಾಯಕರ ನಯವಾದ, ಹದವಾದ ಹಾಡುಗಳನ್ನು ದೇಶಕ್ಕೆಲ್ಲ ಹಂಚಿ, 1972ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಲಾಸ್ ಏಂಜಲೀಸಿಗೆ ಸಾಗಿಸಿಕೊಂಡುಹೋಯಿತು. ಅದೇ ಪಟ್ಟಣದಲ್ಲಿ ಎಂ.ಸಿ.5, ಸ್ಟೂಜಸ್ ಎಂಬ ಬಿಳಿಯರ ಮೇಳಗಳು ಕರ್ಕಶವಾದ ರಾಕ್ ಸಂಗೀತವನ್ನು ನುಡಿಸುತ್ತಿದ್ದುವು. ಕಪ್ಪು ಹುಡುಗರು ಮೋಟೌನಿನ ದಾರಿಯಲ್ಲಿ ಹಾಡಬೇಕು, ಬಿಳಿಯ ಹುಡುಗರು ಗಿಟಾರನ್ನು ಗುಡುಗಿಸಬೇಕು ಎಂಬುದು ಯಾರೂ ಬರೆದಿಡದೆ ಎಲ್ಲರೂ ನಡೆಸುತ್ತಿದ್ದ ಕಟ್ಟಳೆ. ಹ್ಯಾಕ್ನಿ ಮನೆತನದ ಮೂವರು ಸೋದರರು ಈ ಕಟ್ಟಳೆಯನ್ನು ಮೀರಿದರು.

ಡೇವಿಡ್, ಡ್ಯಾನಿಸ್, ಬಾಬಿ ಎಂಬುದು ಅವರ ಹೆಸರುಗಳು. ಮೂವರಲ್ಲಿ ಹಿರಿಯನಾದ ಡೇವಿಡನು ಗಿಟಾರು ನುಡಿಸುತ್ತಿದ್ದನು, ಡ್ಯಾನಿಸನದು ಡ್ರಮ್ಮು, ಕಿರಿಯನಾದ ಬಾಬಿಯದು ಬಾಸ್ ಗಿಟಾರು ಮತ್ತು ಹಾಡಿಕೆ. 1971ರಲ್ಲಿ ಅವರು ಕಟ್ಟಿದ ಮೇಳಕ್ಕೆ ‘ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್’ ಎಂದು ಹೆಸರು. ಅವರು ಆಗ ನುಡಿಸುತ್ತಿದ್ದುದು ಕಪ್ಪು ಜನರಲ್ಲಿ ಪ್ರಿಯವಾಗಿದ್ದ ಫಂಕ್ ಎಂಬ ಕುಣಿತದ ಸಂಗೀತವನ್ನು. ಅನಂತರ ಡೇವಿಡನು ‘ದಿ ಹೂ’ ಎಂಬ ಇಂಗ್ಲೆಂಡಿನ ಮೇಳದ ವಾದನವನ್ನೂ ಆಲಿಸ್ ಕೂಪರನ ಪ್ರದರ್ಶನವನ್ನೂ ಕಣ್ಣಾರೆ ಕಂಡು, ತಾವು ನುಡಿಸಬೇಕಾದುದು ರಾಕ್ ಸಂಗೀತವೆಂದು ನಿಶ್ಚಯಿಸಿದನು. ತಮ್ಮಂದಿರು ಅಣ್ಣನ ಮಾತನ್ನು ನಡೆಸಿದರು. ಮನೆಯ ಮಲಗುವ ಕೋಣೆಯೇ ಅವರ ಅಭ್ಯಾಸಶಾಲೆಯಾಯಿತು.

ಹೆಸರು ಬದಲಾದುದು ಆಮೇಲೆ. ಕುಡಿದು ವಾಹನ ನಡೆಸಿದವನೊಬ್ಬನಿಂದ ಆದ ಅಪಘಾತದಲ್ಲಿ ಸೋದರರ ತಂದೆಯು ತೀರಿಕೊಂಡಿದ್ದನು. ಆ ದುಃಖವು ಡೇವಿಡನಲ್ಲಿ ಚಿಂತನೆಯಾಗಿ ಪರಿಣಮಿಸಿತು. ಮೃತ್ಯುವು ಭಯಪಡತಕ್ಕ ವಸ್ತುವಲ್ಲ. ಹುಟ್ಟಿನಂತೆಯೇ ಅದೂ ಸಹಜ. ಅದರ ಆಚೆಗೆ ಪಯಣವುಂಟು ಎಂದು ಅವನು ಭಾವಿಸಿದನು. ಮೇಳಕ್ಕೆ ‘ಡೆತ್’ ಎಂದು ಹೆಸರಿಟ್ಟು, ಒಂದು ತ್ರಿಕೋಣವನ್ನು ಲಾಂಛನವಾಗಿ ಬರೆದನು. ಅದರ ಮೂರು ಮೂಲೆಗಳು ಆತ್ಮ, ಮನಸ್ಸು, ದೇಹ ಎಂಬ ಮೂರನ್ನೂ, ಅದರೊಡನೆ ಇಟ್ಟ ಬಿಂದುವು ಇವನ್ನು ನಡೆಸುವ ಭಗವಂತನನ್ನೂ ಸೂಚಿಸತಕ್ಕದ್ದೆಂಬುದು ಅವನ ಆಶಯ. ಇಪ್ಪತ್ತು ದಾಟಿದ ಕಾರ್ಖಾನೆಯೂರಿನ ಹುಡುಗನೊಬ್ಬನು ಯಾವ ಗುರುವಿನ ಉಪದೇಶವೂ ಇಲ್ಲದೆ ಇಲ್ಲಿಗೆ ಬಂದು ಮುಟ್ಟಿದನೆಂಬುದು ಗಮನಾರ್ಹವಾಗಿದೆ. ಯಮನ ಮನೆಯ ಬಾಗಿಲಲ್ಲಿ ಕಾದು ನಿಂತು, ಮೃತ್ಯುವನ್ನೇ ಗುರುವಾಗಿ ಮಾಡಿಕೊಂಡ ನಚಿಕೇತನ ಕಥೆಯನ್ನು ಬಲ್ಲವರಿಗೆ ಈ ಹೆಸರು ಅಮಂಗಳವೆಂದು ತೋರಲಾರದು.

ಧ್ವನಿಮುದ್ರಣ ವ್ಯಾಪಾರದವರಿಗೆ ಅದು ಅಮಂಗಳವೆಂದೇ ತೋರಿತು. 1975ರಲ್ಲಿ ಡೆಟ್ರಾಯಿಟಿನ ಯುನೈಟೆಡ್ ಸೌಂಡ್ ಎಂಬ ಶಾಲೆಯಲ್ಲಿ ಮುದ್ರಣವು ನಡೆಯುತ್ತಿರುವಾಗ, ಸೋದರರು ಹೇಳಿರುವ ಪ್ರಕಾರ, ಆ ವ್ಯಾಪಾರದಲ್ಲಿ ಬಹು ದೊಡ್ಡ ಹೆಸರಾಗಿದ್ದ ಕ್ಲೈವ್ ಡೇವಿಸ್ ಎಂಬವರು ಹಾಡುಗಳನ್ನು ಮೆಚ್ಚಿ, ಹೆಸರನ್ನು ಮಾತ್ರ ಬದಲಾಯಿಸಬೇಕೆಂದು ಕೇಳಿದರು. ತಮ್ಮಂದಿರಿಗೆ ಒಪ್ಪಿಕೊಳ್ಳುವ ಮನಸ್ಸಿತ್ತು. ಡೇವಿಡನು ಒಪ್ಪಲಿಲ್ಲ. ಅಣ್ಣನು ಬೇಡವೆಂದ ಮೇಲೆ ತಮ್ಮಂದಿರೂ ಅವನ ಬೆನ್ನಿಗೆ ನಿಂತರು. ಹನ್ನೆರಡು ಹಾಡುಗಳನ್ನು ಮುದ್ರಿಸಬೇಕೆಂದಿದ್ದುದು ಏಳಕ್ಕೆ ನಿಂತಿತು. 1976ರಲ್ಲಿ ಅವರೇ ‘ಟ್ರೈಯಾಂಗಲ್’ ಎಂಬ ಹೆಸರಿನಿಂದ ಎರಡು ಹಾಡುಗಳ ತಟ್ಟೆಯೊಂದನ್ನು ಹೊರತಂದರು. ರೇಡಿಯೋ ನಿಲಯಗಳಿಂದ ಪ್ರೋತ್ಸಾಹ ದೊರೆಯಲಿಲ್ಲ. 1977ರಲ್ಲಿ ಮೇಳವು ಮುಗಿಯಿತು.

ಈ ನಿರಾಕರಣೆಯನ್ನು ಹೇಗೆ ತಿಳಿಯಬೇಕು? ಹುಡುಗತನದ ಹಟವೆಂದು ಹೇಳುವವರು ಉಂಟು. ಮುಂದೆ ತಟ್ಟೆ ಮಾರಬೇಕಾದವರ ಮಾತು ಅಸಂಬದ್ಧವಾದುದೇನಲ್ಲ. ಮನೆಗೆ ಕೊಂಡುಹೋಗುವ ವಸ್ತುವಿನ ಮೇಲೆ ಸಾವೆಂದು ಬರೆದಿದ್ದರೆ ಕೊಳ್ಳುವವನು ಹಿಂಜರಿಯುವನು. ಹೆಸರೇನು ದೊಡ್ಡದು, ಹಾಡು ಹಾಡೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಮಮ್ಮಟನು ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮೊದಲು ಯಶಸ್ಸನ್ನೂ ಅದರ ಬೆನ್ನಿಗೇ ಹಣವನ್ನೂ ಹೇಳಿರುವನಾದಕಾರಣ, ಕಲಾವಿದನು ಇವೆರಡನ್ನು ಬಯಸುವುದು ದೋಷವೆಂದು ಹೇಳುವಂತಿಲ್ಲ.

ಆದರೆ ಇಲ್ಲಿ ಕೇಳಿದುದು ಅಂಗಡಿಯ ಫಲಕವನ್ನು ಬದಲಾಯಿಸುವಷ್ಟು ಹಗುರವಾದ ಸಂಗತಿಯಲ್ಲ. ಶಬ್ದಕ್ಕೆ ಅಭಿಧೆಯೆಂದರೆ ನೇರವಾದ ಅರ್ಥ. ವ್ಯಂಜನೆಯೆಂದರೆ ಅದು ಹೊಳೆಯಿಸುವ ಅರ್ಥ. ಡೆತ್ ಎಂಬ ಶಬ್ದದಲ್ಲಿ ವ್ಯಾಪಾರಿಯು ಅಭಿಧೆಯನ್ನು ಮಾತ್ರ ಕೇಳಿದನು. ಹೆಸರಿಟ್ಟವನು ಬಯಸಿದುದು ವ್ಯಂಜನೆಯನ್ನು. ಭಯಂಕರವಾದ ಮಾತೊಂದನ್ನು ತೆಗೆದುಕೊಂಡು, ಕೇಳುವವನು ಭಯವನ್ನು ದಾಟಿ ಆಚೆಗೆ ನೋಡುವಂತೆ ಮಾಡಬೇಕೆಂಬುದೇ ಮೇಳದ ಉದ್ದೇಶವಾಗಿತ್ತು. ಹಾಡುಗಳ ರಭಸಕ್ಕೂ ಅವುಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಿಗೂ ಬೇರು ಅಲ್ಲಿದೆ. ಆ ಹೆಸರನ್ನು ಕಿತ್ತರೆ ಹಾಡುಗಳು ಉಳಿಯುತ್ತಿದ್ದುವು, ಆದರೆ ಅವುಗಳನ್ನು ಒಂದು ಕೃತಿಯಾಗಿ ಹಿಡಿದಿಟ್ಟ ದಾರವು ಹೋಗುತ್ತಿತ್ತು. ಕಾಳಿದಾಸನು ವಾಕ್ಕನ್ನೂ ಅರ್ಥವನ್ನೂ ಪಾರ್ವತೀಪರಮೇಶ್ವರರ ಸಂಬಂಧಕ್ಕೆ ಹೋಲಿಸಿದುದು ಇಂಥ ಸ್ಥಳಗಳಲ್ಲಿ ಜ್ಞಾಪಕಕ್ಕೆ ಬರತಕ್ಕದ್ದು.

ಇದು ಹಟವಲ್ಲವೆಂಬುದಕ್ಕೆ ಇನ್ನೂ ಬಲವಾದ ಸಾಕ್ಷಿಯೊಂದುಂಟು. ಮುಂದೆ ಡೇವಿಡನು ತಾನಾಗಿಯೇ ಹೆಸರನ್ನು ಬದಲಾಯಿಸಿದನು. 1977ರಲ್ಲಿ ಸೋದರರು ವರ್ಮಾಂಟ್ ಪ್ರಾಂತದ ಬರ್ಲಿಂಗ್ಟನ್ ಎಂಬ ಊರಿಗೆ ಹೋಗಿ ನೆಲಸಿದರು. ಅಲ್ಲಿ ಅವರು ‘ದಿ ಫೋರ್ತ್ ಮೂವ್‌ಮೆಂಟ್’ ಎಂಬ ಹೆಸರಿನಿಂದ 1980ರಲ್ಲಿಯೂ 1982ರಲ್ಲಿಯೂ ಎರಡು ಮುದ್ರಿಕೆಗಳನ್ನು ಹೊರತಂದರು. ಅವು ಕ್ರೈಸ್ತಭಕ್ತಿಯ ರಾಕ್ ಹಾಡುಗಳು. ಹೆಸರನ್ನು ಮುಟ್ಟಬಾರದೆಂಬ ಮೊಂಡುತನವೇ ಕಾರಣವಾಗಿದ್ದಲ್ಲಿ ಇಲ್ಲಿಯೂ ಅದು ಅಡ್ಡಬರಬೇಕಾಗಿತ್ತು, ಬರಲಿಲ್ಲ. ವಸ್ತುವು ಬದಲಾದಾಗ ಹೆಸರೂ ಬದಲಾಯಿತು. ಅರ್ಥವು ಕೇಳಿದರೆ ಹೆಸರು ಬದಲಾಗಬಹುದು, ಸಂತೆಯು ಕೇಳಿದರೆ ಬದಲಾಗಕೂಡದು ಎಂಬುದು ಅವನ ನಡತೆಯಿಂದ ಸ್ಪಷ್ಟವಾಗುತ್ತದೆ. ಇದು ವಿವೇಚನೆಯುಳ್ಳ ಕಲಾವಿದನ ನಿಲವು.

ಇನ್ನು ಹಾಡುಗಳ ಗುಣದೋಷಗಳನ್ನು ನೋಡಬೇಕು. ಏಳೂ ಸೇರಿ ಸುಮಾರು 26 ನಿಮಿಷಗಳ ಹೊತ್ತು. ಐದು ಹಾಡುಗಳು ನಾಲ್ಕು ನಿಮಿಷಗಳಿಗೆ ಒಳಪಟ್ಟವು. ‘ಲೆಟ್ ದಿ ವರ್ಲ್ಡ್ ಟರ್ನ್’, ‘ಪಾಲಿಟಿಷಿಯನ್ಸ್ ಇನ್ ಮೈ ಐಸ್’ ಎಂಬ ಎರಡು ಮಾತ್ರ ಆರು ನಿಮಿಷಗಳ ಸಮೀಪಕ್ಕೆ ಹೋಗುತ್ತವೆ. ಚಿಕ್ಕ ಹಾಡುಗಳಲ್ಲಿ ಮೊದಲ ಗುಣವೆಂದರೆ ಮಿತವ್ಯಯ. ಪೀಠಿಕೆಯಿಲ್ಲ, ಅಲಂಕಾರದ ಹೊರೆಯಿಲ್ಲ. ಗಿಟಾರಿನ ಒಂದು ಚಿಕ್ಕ ಸ್ವರಗುಚ್ಛವು ಬಾಗಿಲನ್ನು ತೆರೆಯುತ್ತದೆ. ಕಂಠವು ಒಡನೆ ಒಳಕ್ಕೆ ಬರುತ್ತದೆ. ಹೇಳಬೇಕಾದುದು ಮುಗಿದೊಡನೆ ಹಾಡು ನಿಲ್ಲುತ್ತದೆ. ‘ಯೂ ಆರ್ ಎ ಪ್ರಿಸನರ್’ ಎಂಬ ಹಾಡು ಎರಡೂವರೆ ನಿಮಿಷಗಳೊಳಗೆ ಮುಗಿಯುವುದಾದರೂ ಅಪೂರ್ಣವೆಂದು ತೋರುವುದಿಲ್ಲ.

ಎರಡನೆಯ ಗುಣವು ಲಯಕ್ಕೆ ಸಂಬಂಧಿಸಿದುದು. ಕೆಲವು ವರ್ಷಗಳ ಮಟ್ಟಿಗೆ ಫಂಕ್ ನುಡಿಸಿದ ಕೈಗಳಾದಕಾರಣ, ಡ್ಯಾನಿಸನ ಡ್ರಮ್ಮೂ ಬಾಬಿಯ ಬಾಸ್ ಗಿಟಾರೂ ಎಷ್ಟು ವೇಗವಾಗಿ ಹೋದರೂ ಸಡಿಲವಾಗುವುದಿಲ್ಲ. ಆ ಕಾಲದ ಅನೇಕ ರಾಕ್ ಮೇಳಗಳಲ್ಲಿ ಗಿಟಾರು ಒಡೆಯನೂ ಉಳಿದ ವಾದ್ಯಗಳು ಆಳುಗಳೂ ಆಗಿರುತ್ತಿದ್ದುವು. ಇಲ್ಲಿ ಮೂರೂ ಸಮಾನಸ್ಕಂಧರು. ಒಂದೇ ಕೋಣೆಯಲ್ಲಿ ಒಡನೆ ಬೆಳೆದ ಸೋದರರಿಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿದಿರುವುದು ಸ್ವಾಭಾವಿಕ. ಅದು ವಾದನದಲ್ಲಿ ಕೇಳಿಬರುತ್ತದೆ. ಕಪ್ಪು ಜನರ ಸಂಗೀತವನ್ನು ಬಿಟ್ಟು ಬಿಳಿಯರ ಸಂಗೀತವನ್ನು ಹಿಡಿದರೆಂದು ಇವರನ್ನು ನೆರೆಹೊರೆಯವರು ಆಡಿಕೊಂಡುದುಂಟು. ಲಕ್ಷ್ಯವಿಟ್ಟು ಕೇಳಿದವರಿಗೆ ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲಿಲ್ಲವೆಂದೂ, ಒಂದರ ಲಯವನ್ನು ಇನ್ನೊಂದರ ರಭಸಕ್ಕೆ ಅಡಿಗಲ್ಲಾಗಿ ಇಟ್ಟರೆಂದೂ ತಿಳಿಯುತ್ತದೆ.

‘ಪಾಲಿಟಿಷಿಯನ್ಸ್ ಇನ್ ಮೈ ಐಸ್’ ಎಂಬುದು ಏಳರಲ್ಲಿ ಶ್ರೇಷ್ಠವಾದುದು. ರಾಜಕಾರಣಿಗಳ ಮೋಸವೂ, ಅವರು ಕಳುಹಿಸಿದೆಡೆಗೆ ಹೋಗಿ ಸಾಯುವ ಎಳೆಯರೂ ಅದರ ವಸ್ತು. ವಿಯೆಟ್ನಾಂ ಯುದ್ಧವು ಮುಗಿದುದು 1975ರ ಏಪ್ರಿಲ್ ತಿಂಗಳಲ್ಲಿ. ಅಂಥ ಹಾಡಿಗೆ ಆ ಪಟ್ಟಣದಲ್ಲಿ ಕಾರಣಗಳು ಹೇರಳವಾಗಿದ್ದುವು. ಇದು ಬೈಗುಳದ ಹಾಡಾಗಿ ಇಳಿದುಹೋಗದಿರುವುದಕ್ಕೆ ಅದರ ರಚನೆಯೇ ಕಾರಣ. ಬಾಸ್ ಗಿಟಾರು ಓಡತೊಡಗುತ್ತದೆ. ಮಾತುಗಳು ಚುಟುಕಾಗಿ, ಹೊಡೆತದಂತೆ ಬೀಳುತ್ತವೆ. ನಡುವೆ ಮಾತು ನಿಂತು ವಾದ್ಯಗಳು ತಾವಾಗಿಯೇ ಮುಂದುವರಿಯುತ್ತವೆ. ಮಾತಿನಿಂದ ಹೇಳಲಾರದ ಕೋಪವನ್ನು ಆ ಭಾಗವು ಹೇಳುತ್ತದೆ. ಮತ್ತೆ ಮಾತು ಬರುವಾಗ ಅದರ ತೂಕವು ಹೆಚ್ಚಿರುತ್ತದೆ. ರೌದ್ರವು ಸ್ಥಾಯಿಯಾಗಿದ್ದು ಶೋಕವು ಅದರ ಕೆಳಗೆ ಹರಿಯುವ ಇಂಥ ಸಂಯೋಗವು ಎಳೆಯರ ಕೈಯಲ್ಲಿ ಸುಲಭವಾಗಿ ಸಿದ್ಧಿಸತಕ್ಕದ್ದಲ್ಲ.

ದೋಷಗಳಿಲ್ಲವೆಂದಲ್ಲ. ಸಾಹಿತ್ಯವಾಗಿ ನೋಡಿದರೆ ಮಾತುಗಳು ಬಹುಮಟ್ಟಿಗೆ ಸಾಧಾರಣವಾದುವು. ಕಾಗದದ ಮೇಲೆ ಬರೆದಿಟ್ಟು ಓದಿದರೆ ಅವುಗಳಲ್ಲಿ ಅರ್ಧವು ಬಾಡಿಹೋಗುತ್ತದೆ. ‘ಲೆಟ್ ದಿ ವರ್ಲ್ಡ್ ಟರ್ನ್’ ಎಂಬ ಹಾಡು ವಿಲಂಬದಲ್ಲಿ ಆರಂಭವಾಗಿ ದ್ರುತಕ್ಕೆ ಹಾರಿ ಮತ್ತೆ ವಿಲಂಬಕ್ಕೆ ಬರುವ ಯೋಜನೆಯು ಒಳ್ಳೆಯದಾದರೂ, ನಡುವೆ ಬರುವ ಒಂಟಿ ಡ್ರಮ್ಮಿನ ವಾದನವು ಭಾವದ ಎಳೆಯನ್ನು ಕಡಿದುಬಿಡುತ್ತದೆ. ಇವು ವಯಸ್ಸಿನ ದೋಷಗಳು. ಹನ್ನೆರಡು ಹಾಡುಗಳು ಪೂರ್ತಿಯಾಗಿ, ಎರಡನೆಯ ಮುದ್ರಿಕೆಯೂ ಬಂದಿದ್ದರೆ ಬಹುಶಃ ತಿದ್ದಿಹೋಗುತ್ತಿದ್ದುವು. ಆ ಅವಕಾಶವು ದೊರೆಯದೆ ಹೋದುದೇ ನಿಜವಾದ ನಷ್ಟ.

ಈಗ ಪಂಚಾಂಗದ ಪ್ರಶಂಸೆಯನ್ನು ಪರೀಕ್ಷಿಸಬಹುದು. 1976ರಲ್ಲಿ ನ್ಯೂಯಾರ್ಕಿನ ರಾಮೋನ್ಸ್ ಮೇಳದ ಮೊದಲನೆಯ ಮುದ್ರಿಕೆ ಬಂದಿತು. 1977ರಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಮೇಳದ್ದು ಬಂದಿತು. ಅತಿವೇಗವೂ ಅತಿಸರಳತೆಯೂ ಉಳ್ಳ ಈ ರೀತಿಗೆ ಪಂಕ್ ಎಂಬ ಹೆಸರು ನಿಂತಿತು. ಡೆತ್ ಮೇಳವು 1975ರಲ್ಲಿಯೇ ಹಾಗೆ ನುಡಿಸಿದ್ದಿತಾದಕಾರಣ ಅದು ಪಂಕಿಗಿಂತ ಮೊದಲಿನ ಪಂಕ್ ಎಂಬುದು 2009ರ ಘೋಷಣೆ. ತಾರೀಖುಗಳೇನೋ ಸರಿ. ಆದರೆ ಮುಂದಿನವರು ಇವರನ್ನು ಕೇಳಿ ಕಲಿತವರಲ್ಲ. ಕೇಳುವುದಕ್ಕೆ ಅವರ ಕೈಯಲ್ಲಿ ತಟ್ಟೆಯೇ ಇರಲಿಲ್ಲ. ಸಂತಾನವಿಲ್ಲದವನನ್ನು ಮೂಲಪುರುಷನೆಂದು ಕರೆಯುವುದು ವಂಶವೃಕ್ಷಕ್ಕೆ ಒಪ್ಪದ ಮಾತು. ಅದಲ್ಲದೆ, ಇವರ ಹಾಡುಗಳು ಪೂರ್ತಿಯಾಗಿ ಆ ರೀತಿಗೆ ಸೇರಿದುವೂ ಅಲ್ಲ. ವಿಲಂಬದ ಭಾಗಗಳು, ವಾದ್ಯಗಳು ಮಾತ್ರ ನಡೆಸುವ ಸಂಚಾರಗಳು, ಫಂಕಿನ ಲಯ, ಇವನ್ನು ಪಂಕ್ ದೂರವಿಟ್ಟಿತು. ಮೊದಲಿಗರೆಂಬ ಬಿರುದನ್ನು ಕೊಟ್ಟು ಹೊಗಳಿದವರು ಇವರಲ್ಲಿ ವಿಶಿಷ್ಟವಾದುದನ್ನೇ ಕಾಣದೆಹೋದರು.

ಮೇಳವು ಮುಗಿದ ಮೇಲಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. 1982ರಲ್ಲಿ ಡೇವಿಡನು ಡೆಟ್ರಾಯಿಟಿಗೆ ಹಿಂದಿರುಗಿದನು. ತಮ್ಮಂದಿರು ವರ್ಮಾಂಟಿನಲ್ಲಿಯೇ ಉಳಿದು, ಸಂಸಾರಿಗಳಾಗಿ, ‘ಲ್ಯಾಂಬ್ಸ್‌ಬ್ರೆಡ್’ ಎಂಬ ಮೇಳವನ್ನು ಕಟ್ಟಿಕೊಂಡು ಜಮೈಕಾ ದ್ವೀಪದ ರೆಗೆ ಸಂಗೀತವನ್ನು ನುಡಿಸಿದರು. ತನ್ನ ಅವಸಾನವು ಸಮೀಪಿಸುತ್ತಿದ್ದಾಗ ಡೇವಿಡನು ಹಳೆಯ ಮುದ್ರಣದ ಸುರುಳಿಗಳನ್ನು ಬಾಬಿಯ ವಶಕ್ಕೆ ಕೊಟ್ಟು, ಮುಂದೊಂದು ದಿನ ಲೋಕವು ಇವನ್ನು ಹುಡುಕಿಕೊಂಡು ಬರುವುದೆಂದೂ ಜೋಪಾನವಾಗಿಡಬೇಕೆಂದೂ ಹೇಳಿದನಂತೆ. 2000ದಲ್ಲಿ ಶ್ವಾಸಕೋಶದ ಅರ್ಬುದರೋಗದಿಂದ ಅವನು ತೀರಿಕೊಂಡನು. ಕಾಲಕ್ಕೆ ಮೇರೆಯಿಲ್ಲ, ಭೂಮಿಯು ವಿಶಾಲವಾಗಿದೆ, ತನ್ನ ಸಮಾನಧರ್ಮನು ಎಂದಾದರೂ ಹುಟ್ಟುವನು ಎಂದು ನಂಬಿದ ಭವಭೂತಿಯ ಧೈರ್ಯವೇ ಇದು. ಭೇದವಿಷ್ಟೆ: ಭವಭೂತಿಯ ಮಾತಿನಲ್ಲಿ ನಿಂದಕರಿಗೆ ಉತ್ತರ ಕೊಡುವ ಬಿಗುಪು ಉಂಟು, ಈತನ ಮಾತು ತಮ್ಮನ ಕೈಗೆ ಗಂಟೊಂದನ್ನು ಒಪ್ಪಿಸುವವನ ಮಾತು. ಆ ಗಂಟು ಬಾಬಿಯ ಮನೆಯ ಅಟ್ಟದಲ್ಲಿತ್ತು. ತಂದೆಯು ಇಂಥ ಮೇಳದಲ್ಲಿ ಹಾಡಿದ್ದನೆಂಬುದು ಅವನ ಮಕ್ಕಳಿಗೇ ತಿಳಿದಿರಲಿಲ್ಲ.

1976ರ ತಟ್ಟೆಗಳಲ್ಲಿ ಕೆಲವು ಸಂಗ್ರಾಹಕರ ಕೈಸೇರಿ, ಅಂತರ್ಜಾಲದಲ್ಲಿ ಆ ಹಾಡುಗಳು ಹರಿದಾಡಿ, 2008ರಲ್ಲಿ ಬಾಬಿಯ ಮಕ್ಕಳ ಕಿವಿಗೆ ಬಿದ್ದುವು. ಅಲ್ಲಿಂದ ಆರಂಭವಾದುದೇ ಪುನರುಜ್ಜೀವನ. ಈ ಒಂದು ಮಾತಿನಲ್ಲಿ ಮೂರು ಬೇರೆಬೇರೆ ಕಾರ್ಯಗಳು ಅಡಗಿವೆ. ಹಳೆಯ ಕೃತಿಯನ್ನು ಪ್ರಕಟಿಸುವುದು ಒಂದು. ಅದನ್ನು ಮತ್ತೆ ಹಾಡಿ ನುಡಿಸುವುದು ಎರಡು. ಅದೇ ಹೆಸರಿನಲ್ಲಿ ಹೊಸದನ್ನು ರಚಿಸುವುದು ಮೂರು. ಮೂರಕ್ಕೂ ಒಂದೇ ತೀರ್ಪನ್ನು ಕೊಡುವುದು ನ್ಯಾಯವಾಗಲಾರದು.

ಮೊದಲನೆಯದು ಗ್ರಂಥಸಂಪಾದನೆಗೆ ಸಮಾನವಾದುದು. ಚಿಕಾಗೋವಿನ ಡ್ರ್ಯಾಗ್ ಸಿಟಿ ಎಂಬ ಕಂಪೆನಿಯವರು 2009ರ ಫೆಬ್ರವರಿಯಲ್ಲಿ ಏಳು ಹಾಡುಗಳನ್ನು ‘ಫಾರ್ ದಿ ಹೋಲ್ ವರ್ಲ್ಡ್ ಟು ಸೀ’ ಎಂಬ ಹೆಸರಿನಿಂದ ಹೊರತಂದರು. ಮುದ್ರಿತವಾದುವು ಏಳಾದರೆ ಪ್ರಕಟವಾದುವೂ ಏಳೇ. ಹನ್ನೆರಡರ ಸಂಖ್ಯೆಯನ್ನು ತುಂಬಿಸಲು ಬೇರೆಯವನ್ನು ತಂದು ಸೇರಿಸಲಿಲ್ಲ. ಮೇಳದ ಹೆಸರು ಡೇವಿಡನು ಇಟ್ಟುದೇ ಉಳಿಯಿತು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ತಾಳೆಯ ಗರಿಯಿಂದ ಅಚ್ಚಿಗೆ ತಂದಾಗ ವಿದ್ವಲ್ಲೋಕಕ್ಕೆ ಆದ ಲಾಭವು ಎಷ್ಟು ಹಿರಿದೋ ಅದರೊಡನೆ ಇದನ್ನು ಹೋಲಿಸುವುದು ಅತಿಯಾದೀತು; ಆದರೆ ಕರ್ತವ್ಯದ ಜಾತಿ ಒಂದೇ. ಇದ್ದುದನ್ನು ಇದ್ದಂತೆ ಕೊಡುವುದು, ಕೊಟ್ಟು ದೂರ ಸರಿಯುವುದು. ಈ ಕಾರ್ಯವು ನಿರ್ದೋಷವಾಗಿ ನಡೆದಿದೆ.

ಎರಡನೆಯದರಲ್ಲಿ ಪ್ರಶ್ನೆ ಏಳುತ್ತದೆ. ಹಳೆಯ ಗ್ರಂಥದ ಕರ್ತೃವು ಎದುರಿಗೆ ಬಂದು ಓದುವ ಸಂಭವವಿಲ್ಲ. ಇಲ್ಲಿಯಾದರೋ ಮೂವರಲ್ಲಿ ಇಬ್ಬರು ಬದುಕಿದ್ದರು. 2009ರ ಸೆಪ್ಟೆಂಬರಿನಲ್ಲಿ ಬಾಬಿಯೂ ಡ್ಯಾನಿಸನೂ, ಲ್ಯಾಂಬ್ಸ್‌ಬ್ರೆಡ್ ಮೇಳದ ಬಾಬಿ ಡಂಕನ್ ಎಂಬ ಗಿಟಾರುವಾದಕನನ್ನು ಕೂಡಿಕೊಂಡು, ಡೆತ್ ಎಂಬ ಹೆಸರಿನಿಂದಲೇ ವೇದಿಕೆಯೇರಿದರು. ಹೆಸರಿಟ್ಟವನು ಇಲ್ಲದಿರುವಾಗ ಹೆಸರು ಸಲ್ಲುವುದೆ? ಜೀರ್ಣೋದ್ಧಾರದ ಪದ್ಧತಿಯನ್ನು ಬಲ್ಲವರು ಇದಕ್ಕೆ ಉತ್ತರವನ್ನು ಹುಡುಕಬಲ್ಲರು. ಗೋಡೆ ಬಿದ್ದರೆ ಕಟ್ಟಬಹುದು, ಕಂಬವು ಮುರಿದರೆ ಬೇರೆ ನಿಲ್ಲಿಸಬಹುದು. ಒಳಗಿನ ಸಂಕಲ್ಪವು ಹಿಂದಿನದೇ ಆಗಿರಬೇಕು, ಮಾಡುವವರಿಗೆ ಅಧಿಕಾರವಿರಬೇಕು. ಹೆಸರಿಗಾಗಿ ತಮ್ಮ ಭಾಗ್ಯವನ್ನೇ ಬಿಟ್ಟುಕೊಟ್ಟವರಲ್ಲಿ ಆ ತಮ್ಮಂದಿರಿಬ್ಬರೂ ಸೇರಿದವರು. ಅವರ ಪಾಲಿಗೆ ಆ ತ್ಯಾಗವು ಇನ್ನೂ ಕಠಿನವಾದುದು. ಏಕೆಂದರೆ ಅದು ಅವರ ಮನಸ್ಸಿನದಾಗಿರದೆ ಅಣ್ಣನ ಮೇಲಿನ ವಿಶ್ವಾಸದಿಂದ ಬಂದುದು. ಆದುದರಿಂದ ಅಧಿಕಾರವು ಅವರಿಗುಂಟು. ಬಾಬಿಯ ಮಕ್ಕಳಾದ ಜೂಲಿಯನ್, ಯೂರಿಯನ್, ಕಿರಿಯ ಬಾಬಿ ಎಂಬವರು ಇದಕ್ಕೂ ಮೊದಲೇ, 2008ರಲ್ಲಿ, ದೊಡ್ಡಪ್ಪನ ಹಾಡುಗಳನ್ನು ನುಡಿಸಲೆಂದು ಕಟ್ಟಿದ ಮೇಳಕ್ಕೆ ಡೆತ್ ಎಂದು ಹೆಸರಿಡದೆ ‘ರಫ್ ಫ್ರಾನ್ಸಿಸ್’ ಎಂದಿಟ್ಟರು. ಅದು ಡೇವಿಡನು ತನ್ನ ಒಂಟಿ ರಚನೆಗಳಿಗೆ ಇಟ್ಟುಕೊಂಡಿದ್ದ ಹೆಸರು. ದೊಡ್ಡಪ್ಪನ ಸ್ಮರಣೆಯನ್ನು ತೆಗೆದುಕೊಂಡರು, ಅವನ ಪೀಠವನ್ನು ತೆಗೆದುಕೊಳ್ಳಲಿಲ್ಲ. ಈ ವಿವೇಕವು ಶ್ಲಾಘ್ಯವಾದುದು.

ಮೂರನೆಯದರ ವಿಷಯದಲ್ಲಿ ಇಷ್ಟು ಸಂತೋಷಪಡುವಂತಿಲ್ಲ. 2011ರಲ್ಲಿ ಹಳೆಯ ಅಭ್ಯಾಸಮುದ್ರಣಗಳ ಸಂಗ್ರಹವೊಂದೂ, 2014ರಲ್ಲಿ ಇನ್ನೊಂದು ಸಂಗ್ರಹವೂ ಬಂದುವು. ಕೃತಿಯು ಬೆಳೆದ ಬಗೆಯನ್ನು ತಿಳಿಯಬೇಕೆನ್ನುವವರಿಗೆ ಅವು ಉಪಯುಕ್ತವಾದುವು. ಆದರೆ ಕವಿಯು ಹೊಡೆದುಹಾಕಿದ ಪಾಠಗಳೆಲ್ಲ ಕಾವ್ಯವಾಗುವುದಿಲ್ಲ. 2015ರ ‘ಎನ್.ಇ.ಡಬ್ಲ್ಯು.’ ಎಂಬುದು ಡಂಕನ್ನನ ಗಿಟಾರಿನೊಡನೆ ಹೊಸದಾಗಿ ಮುದ್ರಿಸಿದ್ದು. ವಾದನವು ಪಳಗಿದುದು, ಮುದ್ರಣವು ಸ್ವಚ್ಛವಾದುದು, ತಪ್ಪುಗಳು ಕಡಿಮೆ. ಹೀಗಿದ್ದರೂ 1975ರ ಹಾಡುಗಳಲ್ಲಿ ಕೇಳಿಸುವ ತುರ್ತು ಇಲ್ಲಿ ಕೇಳಿಸುವುದಿಲ್ಲ. ಅಲ್ಲಿ ಕೇಳುವವರಾರೆಂದು ತಿಳಿಯದೆ ಹಾಡಿದರು. ಇಲ್ಲಿ ಕಾದು ಕುಳಿತವರಿಗಾಗಿ ಹಾಡಿದರು. ಎರಡನೆಯದು ಅಪರಾಧವಲ್ಲ. ಆದರೆ ಮೃತ್ಯುವಿನ ಅರ್ಥವನ್ನು ತಂದೆಯ ಚಿತೆಯ ಬಳಿಯಿಂದ ಎತ್ತಿಕೊಂಡು ಬಂದವನ ಗಿಟಾರು ಅಲ್ಲಿಲ್ಲ. ಮೇಲೆ ಹೇಳಿದ ನಿಯಮದಂತೆ ನೋಡಿದರೆ, ಅರ್ಥವು ಬದಲಾದಲ್ಲಿ ಹೆಸರೂ ಬದಲಾಗಬೇಕಾಗಿತ್ತು. ಡೇವಿಡನೇ 1980ರಲ್ಲಿ ಹಾಗೆ ಮಾಡಿ ತೋರಿಸಿದ್ದನು. ಹೊಸ ಹಾಡುಗಳು ಹೊಸ ಹೆಸರಿನಲ್ಲಿ ಬಂದಿದ್ದರೆ ಅವುಗಳ ಗೌರವಕ್ಕೂ ಹಳೆಯವುಗಳ ಗೌರವಕ್ಕೂ ಒಳ್ಳೆಯದಾಗುತ್ತಿತ್ತು.

ಕಡೆಯದಾಗಿ ಮರುಕದ ಪ್ರಶಂಸೆಯನ್ನು ಕುರಿತು ಒಂದು ಮಾತು. 2012ರಲ್ಲಿ ಮಾರ್ಕ್ ಕೊವಿನೋ, ಜೆಫ್ ಹೌಲೆಟ್ ಎಂಬವರು ‘ಎ ಬ್ಯಾಂಡ್ ಕಾಲ್ಡ್ ಡೆತ್’ ಎಂಬ ಚಲಚ್ಚಿತ್ರದಲ್ಲಿ ಈ ಸೋದರರ ವೃತ್ತಾಂತವನ್ನು ತೋರಿಸಿದರು. ನೋಡಿದವರು ಕಣ್ಣೀರಿಟ್ಟರೆ ಆಶ್ಚರ್ಯವಿಲ್ಲ. ಆದರೆ ಆ ಕಣ್ಣೀರಿನಲ್ಲಿ ಒಂದು ಅಪಾಯವುಂಟು. ಕಡೆಗೆ ಕೀರ್ತಿಯು ಬಂದಿತು, ಆದಕಾರಣ ನಿರಾಕರಿಸಿದುದು ಸರಿಯಾಯಿತು ಎಂದು ನೋಡುವವನು ಸಮಾಧಾನಪಟ್ಟುಕೊಳ್ಳುತ್ತಾನೆ. ಇದು ತಪ್ಪು ಲೆಕ್ಕ. 2009ರಲ್ಲಿ ಸುರುಳಿಗಳು ಅಟ್ಟದಲ್ಲಿಯೇ ಉಳಿದಿದ್ದರೂ 1975ರ ನಿರ್ಣಯವು ಸರಿಯಾದುದೇ ಆಗಿರುತ್ತಿತ್ತು. ತಟ್ಟೆಗಳು ಸಾವಿರಗಟ್ಟಲೆ ಮಾರಾಟವಾದುದರಿಂದ ಅದರ ನ್ಯಾಯವು ಹೆಚ್ಚಲಿಲ್ಲ. ಡೇವಿಡನು ಅದನ್ನು ಕಾಣದೆ ಸತ್ತುದರಿಂದ ಕುಗ್ಗಲೂ ಇಲ್ಲ. ಯಶಸ್ಸನ್ನೂ ಹಣವನ್ನೂ ಎಣಿಸಿದ ಆಲಂಕಾರಿಕನೇ, ಕೃತಿಯನ್ನು ಅನುಭವಿಸಿದೊಡನೆ ಉಂಟಾಗುವ ಪರಮಾನಂದವನ್ನು ಎಲ್ಲ ಪ್ರಯೋಜನಗಳಿಗೂ ಶಿರೋಮಣಿಯೆಂದು ಬೇರೆಯಾಗಿ ಹೇಳಿದನು. ಮಲಗುವ ಕೋಣೆಯಲ್ಲಿ ಮೂವರು ನುಡಿಸ ಕುಳಿತಾಗ ಆ ಆನಂದವು ಅವರಿಗೆ ದೊರೆತಿತ್ತೆಂಬುದು ಹಾಡುಗಳಿಂದಲೇ ತಿಳಿಯುತ್ತದೆ.

ಈ ಮೇಳವನ್ನು ಹೊಸದಾಗಿ ಕೇಳಬೇಕೆನ್ನುವ ವಾಚಕರು ಚಲಚ್ಚಿತ್ರವನ್ನು ಮೊದಲು ನೋಡದಿರುವುದು ಮೇಲು. 26 ನಿಮಿಷಗಳ ಬಿಡುವು ಮಾಡಿಕೊಂಡು, 1975ರ ಏಳು ಹಾಡುಗಳನ್ನು ಇಟ್ಟ ಕ್ರಮದಲ್ಲಿಯೇ ಕೇಳಿ, ಕಡೆಯದಾದ ‘ಪಾಲಿಟಿಷಿಯನ್ಸ್ ಇನ್ ಮೈ ಐಸ್’ ಎಂಬುದನ್ನು ಎರಡು ಬಾರಿ ಕೇಳಬೇಕು. ಕಥೆಯನ್ನು ಆಮೇಲೆ ತಿಳಿಯಬಹುದು. ಹಾಗೆ ಕೇಳಿದವರಿಗೆ ರುಚಿಸದೆಹೋದರೆ ಅವರು ಆ ಸೋದರರ ಕಷ್ಟವನ್ನು ನೆನೆದು ಮೆಚ್ಚಬೇಕಾದ ಅಗತ್ಯವಿಲ್ಲ. ರುಚಿಸಿದರೆ, ಯಾರು ಮೊದಲೆಂಬ ವಾದದ ಅಗತ್ಯವೂ ಇಲ್ಲ.